ಚಿಟ್ಟೆಯ ಚಿತ್ರ

ಕೊಳ್ಳೇಗಾಲದ ಸೀಮೆಯಲ್ಲಿ ಬೆಳೆದವರಿಗೆ ಹುಳುವೊಂದು ರೆಕ್ಕೆ ಪಡೆದು ಹಾರುವ ಜೀವಿಯಾಗುವ ಬಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ರೇಷ್ಮೆ ಸಾಕುವ ಮನೆಗಳಲ್ಲಿ ಅದು ದಿನನಿತ್ಯದ ಸಂಗತಿ. ಸಾಸಿವೆಯಂಥ ಮೊಟ್ಟೆ ಒಡೆದು ಹುಳು ಹೊರಬರುತ್ತದೆ. ಹಿಪ್ಪುನೇರಳೆಯ ಸೊಪ್ಪನ್ನು ತಿನ್ನುತ್ತ, ನಾಲ್ಕು ಬಾರಿ ಜ್ವರಕ್ಕೆ ಕುಳಿತು ಪೊರೆ ಕಳಚಿ, ಸುಮಾರು ನಾಲ್ಕು ವಾರಗಳಲ್ಲಿ ಹಣ್ಣಾಗುತ್ತದೆ. ಬಳಿಕ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಗೂಡನ್ನು ನೂಲಿಗೆ ಕೊಡದೆ ಬಿತ್ತನೆಗೆಂದು ಉಳಿಸಿದರೆ ಅದರಿಂದ ಪತಂಗ ಹೊರಬರುತ್ತದೆ. ಈ ಹುಳುವಿಗೆ ಹಿಪ್ಪುನೇರಳೆಯೇ ಬೇಕು. ಬೇರೆ ಸೊಪ್ಪಿನ ರಾಶಿಯನ್ನೇ ಎದುರಿಗೆ ಸುರಿದರೂ ಅದು ಬೆಳೆಯದು.

ಚಿಟ್ಟೆಯು ಪತಂಗದ ಹತ್ತಿರದ ಬಂಧು. ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಅವಸ್ಥೆಗಳು ಅದಕ್ಕೂ ಉಂಟು. ಅದರ ಮರಿಹುಳುವಿಗೂ ತನ್ನದೇ ಆದ ಸೊಪ್ಪು ಬೇಕು. ರೇಷ್ಮೆಹುಳುವಿಗೆ ರೈತನು ಸೊಪ್ಪನ್ನು ತಂದು ಹಾಕುತ್ತಾನೆ. ಚಿಟ್ಟೆಗೆ ಅಂಥ ಆಸರೆಯಿಲ್ಲ. ತಾಯಿಚಿಟ್ಟೆಯು ಗಿಡದಿಂದ ಗಿಡಕ್ಕೆ ಹಾರಿ, ಎಲೆಯನ್ನು ಕಾಲುಗಳಿಂದ ತಟ್ಟಿ ರುಚಿ ನೋಡಿ, ತಕ್ಕ ಗಿಡ ದೊರೆತ ಮೇಲೆಯೇ ಮೊಟ್ಟೆಯಿಡುತ್ತದೆ. ಚಿಟ್ಟೆಗಳ ಛಾಯಾಚಿತ್ರವನ್ನು ತೆಗೆಯಬಯಸುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದು. ಕ್ಯಾಮರಾ ಎಷ್ಟೇ ಬೆಲೆಬಾಳುವುದಾಗಿರಲಿ, ಗಿಡವನ್ನು ಅರಿಯದವರಿಗೆ ಚಿಟ್ಟೆಯು ಆಕಸ್ಮಿಕವಾಗಿ ಮಾತ್ರ ದೊರೆಯುತ್ತದೆ. ಗಿಡವನ್ನು ಅರಿತವರು ಅದು ಬರುವ ಜಾಗದಲ್ಲಿ ಮೊದಲೇ ಹೋಗಿ ಕಾದು ಕುಳಿತಿರಬಲ್ಲರು.

ಇದಕ್ಕಾಗಿ ದಟ್ಟವಾದ ಕಾಡಿಗೆ ಹೋಗಬೇಕೆಂಬುದೇನೂ ಇಲ್ಲ. ಸತ್ತೇಗಾಲವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಮಳವಳ್ಳಿಯ ಮಾರ್ಗವಾಗಿ ಕೊಳ್ಳೇಗಾಲಕ್ಕೆ ಬರುವವರು ಕಾವೇರಿಯನ್ನು ದಾಟುವುದು ಈ ಊರಿನ ಬಳಿಯಲ್ಲಿ. ಸಮೀಪದಲ್ಲಿಯೇ ಶಿವನಸಮುದ್ರವಿದೆ, ಅಲ್ಲಿ ನದಿಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಈ ಸೀಮೆಯ ಒಂದು ಕಡೆಗೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆಗೆ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ. ನಡುವೆ ನೀರಾವರಿಯ ಗದ್ದೆಗಳು, ಹಿಪ್ಪುನೇರಳೆಯ ತೋಟಗಳು, ಮಳೆಯನ್ನು ನಂಬಿದ ಹೊಲಗಳು, ಕುರುಚಲು ಬೆಳೆದ ಗುಡ್ಡಗಳು. ಹೀಗೆ ಬಗೆಬಗೆಯ ನೆಲವಿರುವಲ್ಲಿ ಬಗೆಬಗೆಯ ಗಿಡಗಳೂ, ಅವುಗಳನ್ನು ಆಶ್ರಯಿಸಿದ ಚಿಟ್ಟೆಗಳೂ ಇರುತ್ತವೆ.

ಯಾವ ಗಿಡದಲ್ಲಿ ಯಾವ ಚಿಟ್ಟೆ? ಪುಸ್ತಕಗಳಲ್ಲಿ ರೂಢಿಯಾಗಿರುವ ಇಂಗ್ಲಿಷ್ ಹೆಸರುಗಳನ್ನೇ ಬಳಸಿ ಕೆಲವನ್ನು ಹೇಳಬಹುದು. ರಸ್ತೆಯ ಬದಿಯ ಎಕ್ಕದ ಗಿಡ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುಗಳ ಮನೆ. ಹೊಲದ ಅಂಚಿನ ಹರಳು ಗಿಡದಲ್ಲಿ ಕ್ಯಾಸ್ಟರ್ ಎಂಬ ಕಂದು ಬಣ್ಣದ ಚಿಟ್ಟೆ ಮೊಟ್ಟೆಯಿಡುತ್ತದೆ. ಹಿತ್ತಲಿನ ಕರಿಬೇವು ಮತ್ತು ನಿಂಬೆಯ ಗಿಡಗಳು ಕಾಮನ್ ಮಾರ್ಮನ್, ಲೈಮ್ ಚಿಟ್ಟೆಗಳ ನೆಲೆ. ಅವುಗಳ ಎಳೆಯ ಮರಿಹುಳುಗಳು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆ ತೋರುವುದರಿಂದ ಶತ್ರುಗಳ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ತಾನೇ ತಾನಾಗಿ ಹುಟ್ಟುವ ತಗಚೆಯಲ್ಲಿ ತೆಳುಹಸಿರು ಛಾಯೆಯ ಎಮಿಗ್ರಂಟ್ ಚಿಟ್ಟೆ ಬೆಳೆಯುತ್ತದೆ. ಎಲಚಿಯ ಮುಳ್ಳುಗಿಡದಲ್ಲಿ ಬಿಳಿಯ ಮೈಮೇಲೆ ಕರಿಯ ಚುಕ್ಕೆಗಳಿರುವ ಕಾಮನ್ ಪಿಯರೋ, ಈಶ್ವರಿ ಬಳ್ಳಿಯಲ್ಲಿ ಕೆಂಪು ಮೈಯ ಕ್ರಿಮ್ಸನ್ ರೋಸ್. ಇವುಗಳಲ್ಲಿ ಬಹುಪಾಲು ನಾವು ಕಳೆಯೆಂದು ಕಿತ್ತುಹಾಕುವ ಗಿಡಗಳು ಎಂಬುದನ್ನು ನೆನಪಿಡಬೇಕು.

ಗಿಡಕ್ಕೂ ಚಿಟ್ಟೆಗೂ ಇರುವ ಈ ನಂಟನ್ನು ಕಂಡುಹಿಡಿಯಲು ಬಹಳ ಮಂದಿ ಬಹುಕಾಲ ದುಡಿದಿದ್ದಾರೆ. ಅವರಲ್ಲಿ ಕೆಲವರು ದುಡಿದದ್ದು ನಮ್ಮ ನಾಡಿನಲ್ಲಿಯೇ. ಉತ್ತರ ಕನ್ನಡ ಜಿಲ್ಲೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್ (1863–1948) ಎಂಬವರು ಡೇವಿಡ್‌ಸನ್ ಮತ್ತು ಏಟ್‌ಕನ್ ಎಂಬ ಇಬ್ಬರು ಗೆಳೆಯರೊಡನೆ ಸೇರಿ ಅಲ್ಲಿಯ ಕಾಡಿನ ಮರಿಹುಳುಗಳನ್ನು ತಂದು, ಅವಕ್ಕೆ ಬೇಕಾದ ಸೊಪ್ಪನ್ನೇ ಹುಡುಕಿ ಹಾಕಿ ಸಾಕಿದರು. ಯಾವ ಹುಳು ಯಾವ ಚಿಟ್ಟೆಯಾಗುತ್ತದೆಂಬುದನ್ನು ಬರೆದಿಟ್ಟು, 1890ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿಗೂ ಚಿಟ್ಟೆಗಳನ್ನು ಅಭ್ಯಸಿಸುವವರು ಆ ಬರಹಗಳನ್ನು ನೋಡುತ್ತಾರೆ.

ಆದರೆ ಆ ಕಾಲದಲ್ಲಿ ಒಂದು ಚಿಟ್ಟೆಯನ್ನು ಕಂಡೆನೆಂದು ಹೇಳಿದರೆ ಸಾಲದು, ಅದನ್ನು ತೋರಿಸಬೇಕಾಗಿತ್ತು. ತೋರಿಸಲು ಇದ್ದ ದಾರಿ ಒಂದೇ: ಬಲೆ ಬೀಸಿ ಹಿಡಿದು, ಕೊಂದು, ರೆಕ್ಕೆ ಹರಡಿ, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದು. ವಸ್ತುಸಂಗ್ರಹಾಲಯಗಳಲ್ಲಿ ಇಂದು ಕಾಣುವ ಹಳೆಯ ಚಿಟ್ಟೆಗಳೆಲ್ಲವೂ ಹೀಗೆ ಬಂದವು. ವಿಜ್ಞಾನಕ್ಕೆ ಅವುಗಳಿಂದ ಆದ ಉಪಕಾರ ದೊಡ್ಡದು. ಕೆಲವು ಸೂಕ್ಷ್ಮವಾದ ಅಧ್ಯಯನಗಳಿಗೆ ಈಗಲೂ ಅಂಥ ಮಾದರಿಗಳು ಬೇಕಾಗುತ್ತವೆ. ಆದರೆ ಕಂಡ ಚಿಟ್ಟೆ ಯಾವುದೆಂದು ಗುರುತಿಸುವ ಸಾಮಾನ್ಯ ಕೆಲಸಕ್ಕೆ ಕೊಲ್ಲುವ ಅಗತ್ಯ ಉಳಿದಿಲ್ಲ. ಆ ಸ್ಥಾನವನ್ನು ಛಾಯಾಚಿತ್ರವು ತುಂಬಿದೆ.

ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಹೆಸರಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕಾಡಿನ ಜೀವಿಗಳ ಚಿತ್ರಗಳಿಂದ ದೇಶವಿದೇಶಗಳಲ್ಲಿ ಮನ್ನಣೆ ಪಡೆದರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರಗಳನ್ನು ತೆಗೆದರು. ಅವರ ಕಾಲದ ಫಿಲ್ಮ್ ಸುರುಳಿಯೊಂದರಲ್ಲಿ ಹೆಚ್ಚೆಂದರೆ 36 ಚಿತ್ರಗಳು. ಫಿಲ್ಮನ್ನು ಸಂಸ್ಕರಿಸಿ ನೋಡುವವರೆಗೆ ಏನು ಮೂಡಿದೆಯೆಂದು ತಿಳಿಯುವಂತಿರಲಿಲ್ಲ. ಆದ್ದರಿಂದ ಗುಂಡಿ ಒತ್ತುವುದಕ್ಕೆ ಮುಂಚೆ ನೋಡುವುದು, ಯೋಚಿಸುವುದು ಅವರಿಗೆ ಅಭ್ಯಾಸವಾಗಿತ್ತು. ಇಂದು ಮೊಬೈಲ್ ಫೋನಿನಲ್ಲಿಯೂ ಕ್ಯಾಮರಾ ಇದೆ. ನೂರಾರು ಚಿತ್ರಗಳನ್ನು ಖರ್ಚಿಲ್ಲದೆ ತೆಗೆಯಬಹುದು. ಸೌಕರ್ಯ ಹೆಚ್ಚಿದೆ. ಆ ಹಳೆಯ ಅಭ್ಯಾಸದ ಅಗತ್ಯ ಮಾತ್ರ ಕಡಮೆಯಾಗಿಲ್ಲ.

ಇನ್ನು ಚಿತ್ರ ತೆಗೆಯುವ ಕ್ರಮವನ್ನು ನೋಡೋಣ. ಮೊದಲನೆಯದು ಹೊತ್ತು. ಚಿಟ್ಟೆಯ ಮೈ ನಮ್ಮ ಮೈಯಂತೆ ತಾನೇ ಬಿಸಿಯಾಗಿರುವುದಿಲ್ಲ. ಹಾರಲು ಬೇಕಾದ ಸ್ನಾಯುಗಳು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಬೇಕು. ಆದ್ದರಿಂದ ಬೆಳಗಿನ ಎಳೆಬಿಸಿಲಿನಲ್ಲಿ ಚಿಟ್ಟೆಗಳು ರೆಕ್ಕೆಗಳನ್ನು ಬಿಚ್ಚಿ, ಸೂರ್ಯನಿಗೆ ಒಡ್ಡಿಕೊಂಡು ಕದಲದೆ ಕುಳಿತಿರುತ್ತವೆ. ಅದೇ ತಕ್ಕ ಸಮಯ. ಬಿಸಿಲೇರಿದ ಮೇಲೆ ಅವು ಒಂದೆಡೆ ನಿಲ್ಲುವುದು ಅಪರೂಪ. ನಿಂತರೂ ಅನೇಕವು ರೆಕ್ಕೆಗಳನ್ನು ಮಡಿಸಿಕೊಳ್ಳುತ್ತವೆ. ಮಡಿಸಿದ ರೆಕ್ಕೆಯ ಚಿತ್ರವನ್ನು ಬೇಡವೆನ್ನಬಾರದು. ಎಷ್ಟೋ ಚಿಟ್ಟೆಗಳ ಗುರುತಿನ ಗೆರೆ ಚುಕ್ಕೆಗಳು ಇರುವುದು ರೆಕ್ಕೆಯ ಅಡಿಯ ಮಗ್ಗುಲಲ್ಲಿ.

ಎರಡನೆಯದು ಹತ್ತಿರ ಹೋಗುವ ರೀತಿ. ಚಿಟ್ಟೆಯ ಕಣ್ಣು ಸಾವಿರಾರು ಚಿಕ್ಕ ಕಣ್ಣುಗಳ ಕೂಟ. ಅದಕ್ಕೆ ನಮ್ಮಷ್ಟು ಸ್ಪಷ್ಟವಾಗಿ ಆಕಾರ ಕಾಣದಿದ್ದರೂ ಸುತ್ತಲಿನ ಚಲನೆ ಬಹು ಬೇಗ ತಿಳಿಯುತ್ತದೆ. ತನ್ನ ಮೇಲೆ ನೆರಳು ಹಾಯ್ದರೆ ಹಕ್ಕಿ ಎರಗಿತೆಂದು ಅದು ಹಾರಿಬಿಡುತ್ತದೆ. ಆದುದರಿಂದ ನೆರಳು ಚಿಟ್ಟೆಯ ಮೇಲೆ ಬೀಳದಂತೆ, ಬಾಗಿ, ಒಂದೊಂದೇ ಹೆಜ್ಜೆಯಿಟ್ಟು, ನಡುನಡುವೆ ನಿಂತು ಮುಂದುವರಿಯಬೇಕು. ದೂರದಿಂದಲೇ ಒಂದು ಚಿತ್ರ ತೆಗೆದಿಟ್ಟುಕೊಂಡು ಬಳಿಕ ಹತ್ತಿರ ಸರಿಯುವುದು ಜಾಣತನ. ಅದು ಹಾರಿಹೋದರೆ ಬೆನ್ನಟ್ಟಬಾರದು. ಅನೇಕ ಚಿಟ್ಟೆಗಳು ಸ್ವಲ್ಪ ಹೊತ್ತಿನಲ್ಲಿ ತಾವು ಕುಳಿತಿದ್ದ ಕಡ್ಡಿಗೇ, ಎಲೆಗೇ ಮರಳುತ್ತವೆ.

ಮೂರನೆಯದು ಕ್ಯಾಮರಾವನ್ನು ಹಿಡಿಯುವ ಕೋನ. ವಸ್ತು ಹತ್ತಿರವಾದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕಿರಿದಾಗುತ್ತದೆ. 35 ಮಿಲಿಮೀಟರ್ ಫಿಲ್ಮಿನ ಕ್ಯಾಮರಾದಲ್ಲಿ ಮಸೂರದ ಕಿಂಡಿಯನ್ನು ಎಫ್/8 ಎಂಬ ಅಳತೆಗೆ ಇಟ್ಟು, ಚಿಟ್ಟೆಯ ಬಿಂಬವು ಅದರ ನಿಜಗಾತ್ರದ ಅರ್ಧದಷ್ಟು ಬೀಳುವಂತೆ ಹತ್ತಿರ ಹೋದರೆ, ಆ ಆಳ ಸುಮಾರು 3 ಮಿಲಿಮೀಟರ್ ಮಾತ್ರ. ಅದರಿಂದ ಹಿಂದುಮುಂದೆ ಇರುವುದೆಲ್ಲ ಮಸುಕು. ಓರೆಯಾಗಿ ಹಿಡಿದರೆ ರೆಕ್ಕೆಯ ಒಂದು ಅಂಚು ಸ್ಪಷ್ಟವಾಗಿ, ಮತ್ತೊಂದು ಅಂಚು ಮಂಜಿನಲ್ಲಿದ್ದಂತೆ ಮೂಡುತ್ತದೆ. ಗೋಡೆಯ ಮೇಲಿನ ಭೂಪಟವನ್ನು ನೇರವಾಗಿ ಎದುರು ನಿಂತು ನೋಡುವಂತೆ, ಕ್ಯಾಮರಾದ ಬೆನ್ನು ರೆಕ್ಕೆಗೆ ಸಮಾನಾಂತರವಾಗಿರಬೇಕು. ಗಾಳಿಗೆ ಗಿಡ ತೂಗುವುದರಿಂದ ಬೆಳಕು ಒಳಬರುವ ಅವಧಿ ಸೆಕೆಂಡಿನ 250ನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಮೆ ಇದ್ದರೆ ಒಳ್ಳೆಯದು. ಮೊಬೈಲ್ ಫೋನಿನ ಚಿಕ್ಕ ಕ್ಯಾಮರಾದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಇದಕ್ಕಿಂತ ಹೆಚ್ಚು. ಆದರೆ ಅದನ್ನು ಚಿಟ್ಟೆಗೆ ತೀರ ಹತ್ತಿರ ಒಯ್ಯಬೇಕಾಗುವುದರಿಂದ ತಾಳ್ಮೆಯೂ ಹೆಚ್ಚು ಬೇಕು.

ನದಿಯ ದಡದ ಒದ್ದೆ ಮರಳು ಮತ್ತೊಂದು ಒಳ್ಳೆಯ ಸ್ಥಳ. ಬೇಸಿಗೆಯ ಹಗಲಿನಲ್ಲಿ ಅಂಥ ಕಡೆ ಚಿಟ್ಟೆಗಳು ಗುಂಪಾಗಿ ಕುಳಿತು, ಸುರುಳಿ ಬಿಚ್ಚಿದ ಹೀರುಗೊಳವೆಯನ್ನು ಮಣ್ಣಿಗೆ ಊರಿರುವುದನ್ನು ನೋಡಬಹುದು. ಅವು ನೀರಡಿಕೆಗಾಗಿ ಮಾತ್ರ ಬಂದಿರುವುದಿಲ್ಲ. ಹೂವಿನ ಮಕರಂದದಲ್ಲಿ ಸಾಕಷ್ಟು ದೊರೆಯದ ಸೋಡಿಯಮ್ ಮೊದಲಾದ ಲವಣಗಳನ್ನು ಒದ್ದೆ ಮಣ್ಣಿನಿಂದ ಹೀರುತ್ತವೆ. ಹೀಗೆ ಕೂಡುವವುಗಳಲ್ಲಿ ಹೆಚ್ಚಿನವು ಗಂಡುಗಳು; ಅವು ಸಂಗ್ರಹಿಸಿದ ಲವಣ ಕೂಡುವಿಕೆಯ ಕಾಲದಲ್ಲಿ ಹೆಣ್ಣಿಗೆ ಸಂದು ಮೊಟ್ಟೆಗಳಿಗೆ ಒದಗುತ್ತದೆ. ಆ ಹೊತ್ತಿನಲ್ಲಿ ಚಿಟ್ಟೆಗಳಿಗೆ ಸುತ್ತಣ ಎಚ್ಚರ ಕಡಮೆ. ಚಿತ್ರ ತೆಗೆಯುವವರ ಎಚ್ಚರ ಮಾತ್ರ ಕಡಮೆಯಾಗಕೂಡದು. ಶಿವನಸಮುದ್ರದ ಸುತ್ತಮುತ್ತ ಕಾವೇರಿಯ ಬಂಡೆಗಳು ಜಾರುತ್ತವೆ, ಸೆಳವು ಬಲವಾಗಿದೆ. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಹರಿವು ಏರುತ್ತದೆ. ಕ್ಯಾಮರಾದೊಳಗೆ ಕಣ್ಣಿಟ್ಟು ಹಿಂದೆ ಹೆಜ್ಜೆಯಿಡುವುದು ಪ್ರಾಣಕ್ಕೆ ಅಪಾಯ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಕಾಲಿಡುವುದೂ ಸಲ್ಲದು. ಅಲ್ಲಿ ಆನೆಗಳ ಸಂಚಾರವುಂಟು.

ಒಳ್ಳೆಯ ಚಿತ್ರದಿಂದ ಆಗುವ ಪ್ರಯೋಜನವೇನು? ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ತಿನ್ನುವ ಎಕ್ಕದ ಎಲೆಯಲ್ಲಿ ವಿಷವಿದೆ. ಆ ವಿಷ ಮರಿಹುಳುವಿನಿಂದ ಚಿಟ್ಟೆಗೂ ಬರುತ್ತದೆ. ಒಮ್ಮೆ ಅದನ್ನು ಕಚ್ಚಿ ಪಾಡುಪಟ್ಟ ಹಕ್ಕಿ ಕಿತ್ತಳೆ ಬಣ್ಣದ ಆ ರೆಕ್ಕೆಗಳನ್ನು ಮರೆಯುವುದಿಲ್ಲ. ಡನೇಯ್ಡ್ ಎಗ್‌ಫ್ಲೈ ಎಂಬ ಬೇರೊಂದು ಚಿಟ್ಟೆಗೆ ಇಂಥ ವಿಷದ ರಕ್ಷಣೆಯಿಲ್ಲ. ಆದರೆ ಅದರ ಹೆಣ್ಣು ಪ್ಲೇನ್ ಟೈಗರಿನ ಬಣ್ಣವನ್ನೇ ತೊಟ್ಟು ಹಕ್ಕಿಗಳ ಬಾಯಿಂದ ಪಾರಾಗುತ್ತದೆ. ಹಾರುತ್ತಿರುವಾಗ ಹಕ್ಕಿಗೆ ಹೇಗೋ ಹಾಗೆಯೇ ನಮಗೂ ಅವುಗಳಲ್ಲಿ ವ್ಯತ್ಯಾಸ ಕಾಣದು. ಹಿಂರೆಕ್ಕೆಯು ಸ್ಪಷ್ಟವಾಗಿ ಮೂಡಿರುವ ಒಂದು ಚಿತ್ರವಿದ್ದರೆ ಸಂದೇಹ ಪರಿಹಾರವಾಗುತ್ತದೆ: ಪ್ಲೇನ್ ಟೈಗರಿನ ಹಿಂರೆಕ್ಕೆಯ ನಡುವೆ ಹೆಣ್ಣಾದರೆ ಮೂರು, ಗಂಡಾದರೆ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ, ಅನುಕರಿಸುವ ಚಿಟ್ಟೆಯ ನಡುರೆಕ್ಕೆಯಲ್ಲಿ ಅವು ಇರುವುದಿಲ್ಲ. ಕಣ್ಣು ಕ್ಷಣಮಾತ್ರ ಕಂಡದ್ದನ್ನು ಚಿತ್ರವು ನಿಲ್ಲಿಸಿ ತೋರಿಸುತ್ತದೆ.

ಎಲ್ಲಿ, ಎಂದು ತೆಗೆದದ್ದೆಂಬುದನ್ನು ಬರೆದಿಟ್ಟರೆ ಆ ಚಿತ್ರದ ಬೆಲೆ ಇನ್ನೂ ಹೆಚ್ಚುತ್ತದೆ. ದಕ್ಷಿಣ ಭಾರತದಲ್ಲಿ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದ ಚಿಟ್ಟೆಗಳು ವರ್ಷಕ್ಕೆರಡು ಬಾರಿ ಲಕ್ಷಗಟ್ಟಲೆಯಾಗಿ ವಲಸೆ ಹೋಗುತ್ತವೆ. ಮುಂಗಾರಿನ ಜಡಿಮಳೆಗೆ ಮುನ್ನ ಪಶ್ಚಿಮಘಟ್ಟಗಳಿಂದ ಪೂರ್ವದ ಬಯಲು ಹಾಗೂ ಪೂರ್ವಘಟ್ಟಗಳ ಕಡೆಗೆ ಹೊರಡುತ್ತವೆ. ಅಕ್ಟೋಬರ್, ನವೆಂಬರ್ ತಿಂಗಳುಗಳ ಹೊತ್ತಿಗೆ ಪಶ್ಚಿಮದ ಕಡೆಗೆ ಮರಳುವ ಪ್ರಯಾಣ ನಡೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮೊದಲಾದ ವಿಜ್ಞಾನಿಗಳು ಈ ವಲಸೆಯನ್ನು ಅಭ್ಯಸಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸಾಲು ಪಶ್ಚಿಮಘಟ್ಟಗಳಿಗೂ ಪೂರ್ವಘಟ್ಟಗಳಿಗೂ ನಡುವಣ ಸೇತುವೆಯಂತಿರುವುದರಿಂದ ಈ ಸೀಮೆಯಲ್ಲಿ ಕಂಡದ್ದಕ್ಕೆ ವಿಶೇಷ ಮಹತ್ವವಿದೆ. ಕೆಲವೇ ವಿಜ್ಞಾನಿಗಳು ಎಲ್ಲ ಊರುಗಳಲ್ಲಿಯೂ ನಿಂತು ನೋಡಲಾರರು. ಊರಿನ ಹೆಸರು, ದಿನಾಂಕ, ಹೊತ್ತು, ಚಿಟ್ಟೆಗಳು ಹೋಗುತ್ತಿದ್ದ ದಿಕ್ಕು, ಕುಳಿತ ಗಿಡ, ಇಷ್ಟನ್ನು ಚಿತ್ರದೊಡನೆ ಬರೆದಿಟ್ಟ ವಿದ್ಯಾರ್ಥಿಯು ಅವರಿಗೆ ನೆರವಾಗಬಲ್ಲನು. ವರ್ಷ ವರ್ಷವೂ ಒಂದೇ ಜಾಗದಲ್ಲಿ ಹೀಗೆ ಬರೆದಿಟ್ಟರೆ ಯಾವ ಚಿಟ್ಟೆ ಹೆಚ್ಚಿತು, ಯಾವುದು ಕಾಣೆಯಾಯಿತು ಎಂಬುದೂ ತಿಳಿದುಬರುತ್ತದೆ.

ಚಿತ್ರದ ಮೋಹಕ್ಕೆ ಬಿದ್ದು ಕೆಲವರು ತಪ್ಪು ದಾರಿ ಹಿಡಿಯುವುದುಂಟು. ಚಿಟ್ಟೆಯನ್ನು ಹಿಡಿದು ಶೀತಪೆಟ್ಟಿಗೆಯಲ್ಲಿಟ್ಟು, ಚಳಿಗೆ ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುತ್ತಾರೆ. ಕೆಲವರು ಮರಿಹುಳುವನ್ನು ಅದು ತಿನ್ನುವ ಗಿಡದಿಂದ ಕಿತ್ತು ಅಂದವಾದ ಬೇರೆ ಎಲೆಯ ಮೇಲೆ ಬಿಡುತ್ತಾರೆ. ರೆಕ್ಕೆಯನ್ನು ಬೆರಳಿಂದ ಹಿಡಿದರೆ ಪುಡಿಯಂತೆ ಅಂಟಿಕೊಳ್ಳುವುದು ಅದರ ಹುರುಪೆಗಳು. ಒಮ್ಮೆ ಉದುರಿದವು ಮತ್ತೆ ಹುಟ್ಟುವುದಿಲ್ಲ. ಅಪರಿಚಿತ ಗಿಡದ ಮೇಲೆ ಬಿಟ್ಟ ಮರಿಹುಳು ಹಸಿವಿನಿಂದ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿ, ಆನೆಗಳಿಗೆ ಮಾತ್ರವಲ್ಲದೆ ಅನೇಕ ಚಿಟ್ಟೆಗಳಿಗೂ ರಕ್ಷಣೆ ನೀಡಿದೆ. ಅವುಗಳನ್ನು ಹಿಡಿಯುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಇಂಥ ಚಿತ್ರ ಸುಳ್ಳಿನ ಚಿತ್ರ. ಚಿಟ್ಟೆಯು ತಾನಾಗಿ ಎಂದೂ ಕೂರದ ಹೂವಿನ ಮೇಲೆ ಅದನ್ನು ಕೂರಿಸಿ ತೋರಿಸಿದರೆ, ನೋಡಿದವರು ಇಲ್ಲದ ಸಂಗತಿಯನ್ನು ಇದೆಯೆಂದು ನಂಬುತ್ತಾರೆ. ಚಿತ್ರ ತೆಗೆದಾದ ಮೇಲೂ ಚಿಟ್ಟೆಯು ತಾನು ಮಾಡುತ್ತಿದ್ದ ಕೆಲಸವನ್ನು ಮಾಡುತ್ತಲೇ ಇದ್ದರೆ, ಆಗ ಛಾಯಾಗ್ರಾಹಕನು ತನ್ನ ಕೆಲಸವನ್ನು ಸರಿಯಾಗಿ ಮಾಡಿದನೆಂದು ತಿಳಿಯಬಹುದು.

ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಪಶ್ಚಿಮಘಟ್ಟಗಳ ದೊಡ್ಡ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆಯೆಂಬ ಗೌರವ ಪಡೆದಿದೆ. ಅದೂ ಬದುಕುವುದು ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಗಳನ್ನು ನಂಬಿ. ಬಳ್ಳಿ ಹೋದರೆ ಗೌರವದ ಹೆಸರು ಅದನ್ನು ಉಳಿಸಲಾರದು. ಕಾಡಿನ ಚಿಟ್ಟೆಗೆ ಹೇಗೋ ಊರಿನ ಚಿಟ್ಟೆಗೂ ಹಾಗೆಯೇ. ರಸ್ತೆ ಅಗಲಮಾಡುವಾಗ, ಬದುಗಳನ್ನು ಚೊಕ್ಕಟಗೊಳಿಸುವಾಗ, ಕಳೆನಾಶಕ ಸಿಂಪಡಿಸುವಾಗ ಎಕ್ಕ, ತಗಚೆ, ಎಲಚಿಗಳು ಮೊದಲು ಹೋಗುತ್ತವೆ. ಅವುಗಳ ಹಿಂದೆಯೇ ಚಿಟ್ಟೆಗಳೂ ಹೋಗುತ್ತವೆ. ಹೊಲದ ಬೆಳೆಗೆ ಅಡ್ಡಿಯಾಗದ ಮೂಲೆಯಲ್ಲಿ, ಶಾಲೆಯ ಅಂಗಳದ ಅಂಚಿನಲ್ಲಿ ಇಂಥ ಗಿಡಗಳನ್ನು ಕೀಳದೆ ಬಿಡುವುದು ಯಾರಿಗೂ ಕಷ್ಟದ ಕೆಲಸವಲ್ಲ.

ಕ್ಯಾಮರಾ ಕೈಗೆ ಸಿಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಇರುವ ಒಂದು ಎಕ್ಕದ ಗಿಡವನ್ನು ಆರಿಸಿಕೊಳ್ಳಿರಿ. ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿ, ಎಲೆಗಳ ಅಡಿಯನ್ನು ನೋಡಿರಿ. ಮೊಟ್ಟೆ ಕಂಡ ದಿನ, ಹುಳು ಹೊರಬಂದ ದಿನ, ಕೋಶವಾದ ದಿನ, ಚಿಟ್ಟೆ ಹಾರಿದ ದಿನ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮುಂದೆ ನೀವು ತೆಗೆಯುವ ಚಿತ್ರಕ್ಕೆ ಆ ಪುಸ್ತಕವೇ ಬುನಾದಿ.